ಅತ್ತೆಯ ಕ್ಯಾನು, ಅಳಿಯನ ಸಮುದ್ರ

ಮಗಳ ಮನೆಗೆ ಬರುವ ತಾಯಿ ಏನು ತರುತ್ತಾಳೆ? ಕೋಡುಬಳೆ ತರುತ್ತಾಳೆ, ಹುರಿಟ್ಟು ತರುತ್ತಾಳೆ, ಕಾಲ ಬಂದರೆ ಸೊಗಡಿನ ಅವರೆಕಾಯಿ ಒಂದು ಚೀಲ ತರುತ್ತಾಳೆ. ಅಳಿಯನ ಪುಣ್ಯ ಗಟ್ಟಿಯಿದ್ದರೆ ನಾಟಿಕೋಳಿಯೂ ಬರುತ್ತದೆ. ಶಿವಶಂಕರನ ಅತ್ತೆ ದೊಡ್ಡತಾಯಮ್ಮನವರು ಇದೆಲ್ಲವನ್ನೂ ತರುತ್ತಿದ್ದರು, ಸುಳ್ಳು ಹೇಳಬಾರದು. ಆದರೆ ಜೊತೆಗೆ ನೀರನ್ನೂ ತರುತ್ತಿದ್ದರು. ಹತ್ತು ಲೀಟರಿನ ಹಳೆಯ ಎಣ್ಣೆ ಕ್ಯಾನಿನ ತುಂಬ, ಮುಚ್ಚಳಕ್ಕೆ ಪ್ಲಾಸ್ಟಿಕ್ ಕವರು ಬಿಗಿದು, ಹೊಣಕೆರೆ ಕಡೆಯ ತಮ್ಮ ಊರಿಂದ ಪಾಂಡವಪುರದವರೆಗೆ, ಎರಡು ಬಸ್ಸು ಬದಲಾಯಿಸಿ.

ಆ ನಾಗಮಂಗಲ ಸೀಮೆಯವರು ಬೋರ್‌ವೆಲ್ ಕೊರೆಸಿ ಕೊರೆಸಿ ಸುಸ್ತಾದವರು. ಪಾಂಡವಪುರದವರಿಗೆ ನಾಲೆ ನೀರು ಬಾಗಿಲಲ್ಲೇ ಹರಿಯುತ್ತದೆ. ಅಲ್ಲಿಂದ ಇಲ್ಲಿಗೆ ನೀರು ಹೊರುವವರನ್ನು ಕಂಡು ಬಸ್ಸಿನ ಕಂಡಕ್ಟರಿಗೆ ಒಮ್ಮೆ ತಡೆಯಲಾಗಲಿಲ್ಲ.

"ಅಲ್ಲ ಕಣವ್ವ, ನಾಲೆ ಅರಿಯೋ ಊರ್ಗೆ ನೀರು ಒತ್ಕಂಡು ಓಯ್ತಾ ಇದ್ದೀಯಲ್ಲ, ಅಲ್ಲೇನು ಬರ ಬಂದದಾ?"

"ಬರ ಬಂದಿರಾದು ನೀರ್ಗಲ್ಲ ಕಣಪ್ಪ, ನಮ್ಮ ಅಳಿಮಯ್ಯನ ಬುದ್ಧಿಗೆ," ಎಂದು ದೊಡ್ಡತಾಯಮ್ಮ ಇಡೀ ಬಸ್ಸಿಗೆ ಕೇಳುವಂತೆ ಉತ್ತರ ಕೊಟ್ಟರು. ಆ ಬಸ್ಸಿನಲ್ಲಿ ಶಿವಶಂಕರನ ವಿದ್ಯಾರ್ಥಿಗಳೂ ಇದ್ದರು ಎಂಬುದು ಮರುದಿನ ತರಗತಿಯ ಕಿಸಿಕಿಸಿ ನಗೆಯಿಂದ ಅವನಿಗೆ ತಿಳಿಯಿತು.

ಶಿವಶಂಕರ ಪಾಂಡವಪುರದ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕ. ಒಳ್ಳೆಯ ಮನುಷ್ಯ. ಕುಡಿಯುವುದಿಲ್ಲ, ಸೇದುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಅವನಿಗಿದ್ದ ಒಂದೇ ದುರಭ್ಯಾಸವೆಂದರೆ ಟಿಡಿಎಸ್ ಮೀಟರು. ಪೆನ್ನಿನ ಹಾಗಿರುವ, ನೀರಿಗೆ ಅದ್ದಿದರೆ ಅದರಲ್ಲಿ ಎಷ್ಟು ಲವಣ ಕರಗಿದೆಯೆಂದು ಅಂಕಿ ತೋರಿಸುವ ಯಂತ್ರ. ಮನೆಗೆ ಫಿಲ್ಟರು ಹಾಕಿಸಿದಾಗ ಆನ್‌ಲೈನಿನಲ್ಲಿ ತರಿಸಿದ್ದ. ತರಿಸಿದ ಮೇಲೆ ಕೈ ಸುಮ್ಮನಿರಬೇಕಲ್ಲ! ಕಾಫಿಗೆ ಅದ್ದಿದ, ಮಗುವಿನ ಸ್ನಾನದ ನೀರಿಗೆ ಅದ್ದಿದ, ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಅದ್ದಿದ, ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಎಳನೀರಿಗೆ ಅದ್ದಿ ಎಳನೀರಿನವನ ಬಾಯಿಗೆ ಬಿದ್ದ. (ತೀರ್ಥಕ್ಕೂ ಅದ್ದಲು ಹೋಗಿದ್ದನಂತೆ. ಅರ್ಚಕರು ನೋಡಿದ ನೋಟಕ್ಕೆ ಮೀಟರು ತಾನಾಗಿಯೇ ಜೇಬಿಗೆ ಹೋಯಿತು.)

ಇದೇ ಮೀಟರನ್ನು ಜೇಬಿಗೆ ಸಿಕ್ಕಿಸಿಕೊಂಡು, ಕಳೆದ ಯುಗಾದಿಯ ಮರುದಿನ ಹೊಸತೊಡಕಿನ ಬಾಡೂಟಕ್ಕೆ ಅತ್ತೆಯ ಮನೆಗೆ ಹೋದ. ಜಗಲಿಯ ತುಂಬ ನೆಂಟರು. ಅಳಿಯ ಬಂದನೆಂದು ದೊಡ್ಡತಾಯಮ್ಮ ಕಾಲಿಗೆ ಚೊಂಬಿನಲ್ಲಿ ನೀರು ಕೊಟ್ಟು, ಕುಡಿಯಲು ಲೋಟದಲ್ಲಿ ನೀರು, ಜೊತೆಗೆ ಬೆಲ್ಲದ ಚೂರು ತಂದು ಮುಂದೆ ಹಿಡಿದರು. ಶಿವಶಂಕರ ಲೋಟ ತೆಗೆದುಕೊಂಡ. ಜೇಬಿಗೆ ಕೈ ಹಾಕಿದ. ಅದ್ದಿದ.

"ಅತ್ತೆ, ಒಂಬೈನೂರ ಎಂಬತ್ತು! ಇದು ನೀರಲ್ಲ, ದ್ರಾವಣ. ಇದನ್ನ ಕುಡಿದ್ರೆ ಕಿಡ್ನಿ ಒಳಗೆ ಕಲ್ಲಿನ ಕಟ್ಟೆಯನ್ನೇ ಕಟ್ಟಬಹುದು," ಎಂದು ಜಗಲಿಗೆಲ್ಲ ಪಾಠ ಹೇಳಿ, ನೀರನ್ನು ಪಕ್ಕದ ಕರಿಬೇವಿನ ಗಿಡಕ್ಕೆ ಸುರಿದು, ಬ್ಯಾಗಿನಿಂದ ತನ್ನ ಬಾಟಲಿ ತೆಗೆದು ಕುಡಿದ. ಬೆಲ್ಲ ಮಾತ್ರ ಬಾಯಿಗೆ ಹಾಕಿಕೊಂಡ.

ದೊಡ್ಡತಾಯಮ್ಮ ಖಾಲಿ ಲೋಟ ನೋಡಿದರು, ಗಿಡ ನೋಡಿದರು, ಅಳಿಯನನ್ನು ನೋಡಿದರು.

"ಇದೇ ನೀರು ಕುಡ್ದು ನಿಮ್ಮ ಎಂಡ್ರು ಬೆಳೆದಿರಾದು. ಅವ್ಳು ಆಗ್ಬೋದು, ನೀರು ಆಗಾಕಿಲ್ವಾ? ಆಯ್ತು ಬುಡಿ. ನಮ್ಮನೆ ನೀರು ನಿಮ್ಗಾಗ್ದೆ ಇದ್ರೆ ನಿಮ್ಮನೆ ನೀರು ನಮ್ಗೂ ಬ್ಯಾಡ. ಇವತ್ತಿಂದ ನಿಮ್ಮನೇಲಿ ಒಂದ್ ತೊಟ್ಟು ನೀರು ಮುಟ್ಟುದ್ರೆ ನಾನು ದೊಡ್ಡತಾಯಿನೇ ಅಲ್ಲ!"

ನಮ್ಮ ಕಡೆ ಜಗಳಗಳಿಗೆ ದರ್ಜೆಗಳುಂಟು. ಮಾತು ಬಿಡುವುದು ಸಣ್ಣ ಜಗಳ, ಅದು ಮುಂದಿನ ಹಬ್ಬದವರೆಗೆ. ಶುಭಕಾರ್ಯಕ್ಕೆ ಹೋಗದಿರುವುದು ನಡುವಿನದು. ಆದರೆ ನೀರು ಮುಟ್ಟುವುದಿಲ್ಲ ಎಂದುಬಿಟ್ಟರೆ ಅದರ ಮೇಲೆ ಅಪೀಲಿಗೆ ಕೋರ್ಟಿಲ್ಲ. ದೊಡ್ಡತಾಯಮ್ಮನವರದು ಮೂರನೆಯ ದರ್ಜೆ. ಹಾಗಂತ ಮಗಳನ್ನು ನೋಡದೆ ಇರಲಾದೀತೇ? ಬರುವುದಿಲ್ಲ ಎಂದೇನೂ ಅವರು ಆಣೆ ಇಟ್ಟಿರಲಿಲ್ಲವಲ್ಲ, ಬಂದರು. ಕ್ಯಾನಿನೊಂದಿಗೆ ಬಂದರು. ಅವರ ಕಾಫಿಗೆ ಕ್ಯಾನಿನ ನೀರು, ಅವರ ಮುದ್ದೆಗೆ ಕ್ಯಾನಿನ ನೀರು. (ಸ್ನಾನ? ಆಣೆ ಗಂಟಲಿಗೆ ಸೇರಿದ್ದು, ಮೈಗಲ್ಲ ಎಂದು ಅವರೇ ತೀರ್ಪು ಕೊಟ್ಟುಕೊಂಡಿದ್ದರು.) ಕ್ಯಾನು ಖಾಲಿಯಾದ ದಿನ ಹೊರಟುಬಿಡುತ್ತಿದ್ದರು. ಮೊದಮೊದಲು ಎರಡು ದಿನಕ್ಕೆ ಮುಗಿಯುತ್ತಿದ್ದ ಕ್ಯಾನು ಈಚೀಚೆಗೆ ನಾಲ್ಕೈದು ದಿನ ಬರುತ್ತಿತ್ತು. ವಯಸ್ಸಾದಂತೆ ಅತ್ತೆ ಎಷ್ಟು ಮಿತವಾಗಿ ಕುಡಿಯುತ್ತಾರೆ ಎಂದು ಶಿವಶಂಕರ ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದ.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಶಿವಶಂಕರನ ಹೆಂಡತಿ ಪವಿತ್ರಳ ರಜೆ ಮುಗಿಯಿತು. ಶ್ರೀರಂಗಪಟ್ಟಣದ ಒಂದು ಸಹಕಾರಿ ಬ್ಯಾಂಕಿನಲ್ಲಿ ಅವಳಿಗೆ ಕೆಲಸ. ಹೆರಿಗೆ ರಜೆ, ಅದರ ಮೇಲೆ ಬೇಡಿ ಪಡೆದ ರಜೆ ಎಲ್ಲ ತೀರಿ, ಸೋಮವಾರ ಹಾಜರಾಗಲೇಬೇಕು. ಹತ್ತು ತಿಂಗಳ ಮಗುವನ್ನು ನೋಡಿಕೊಳ್ಳಲು ದೊಡ್ಡತಾಯಮ್ಮ ನಿಲ್ಲಬೇಕು. ನಿಲ್ಲಬೇಕೆಂದರೆ ನೀರು ಕುಡಿಯಬೇಕು.

"ಒಂದೇ ಒಂದು ಮಾತು ಕಣ್ರೀ," ಎಂದಳು ಪವಿತ್ರ. "'ತಪ್ಪಾಯ್ತು ಅತ್ತೆ' ಅನ್ನಿ. ಅವ್ವ ಕರಗ್‌ಹೋಯ್ತದೆ."

"ನಾನ್ಯಾಕೆ ಅನ್ಲಿ? ಮೀಟರು ತೋರಿಸಿದ್ದು ಸುಳ್ಳಾ?"

"ಮೀಟರು ಸರಿಯಾಗೇ ಇತ್ತು. ನೀವೇ ಸರಿ ಇರ್ಲಿಲ್ಲ."

"ಸತ್ಯ ಹೇಳಿದ್ದಕ್ಕೆ ಯಾವನಾದ್ರೂ ಕ್ಷಮೆ ಕೇಳ್ತಾನಾ?"

"ಕೇಳ್ಬೇಡಿ. ಸೋಮವಾರ ಮಗೂನ ನಿಮ್ಮ ಲ್ಯಾಬಿಗೇ ಕಳಿಸ್ತೀನಿ. ಟೆಸ್ಟ್ ಟ್ಯೂಬು ಚೀಪ್ಕೊಂಡು ಬೆಳೀಲಿ." ಇಷ್ಟು ಹೇಳಿ ಅವಳು ನಗಲಿಲ್ಲ. "ಅದೂ ಆಗ್ದೆ ಇದ್ರೆ ನಾನೇ ಕೆಲಸ ಬುಡ್ತೀನಿ, ಇನ್ನೇನ್ ಮಾಡ್ಲಿ," ಎಂದು ಮಗುವಿನ ಬಟ್ಟೆ ಮಡಿಸತೊಡಗಿದಳು. ಆ ಕೆಲಸಕ್ಕಾಗಿ ಅವಳು ಎಷ್ಟು ಓದಿದ್ದಳೆಂದು ಶಿವಶಂಕರ ಬಲ್ಲ. ಆದರೂ 'ತಪ್ಪಾಯ್ತು' ಎಂಬ ಮಾತು ಗಂಟಲಿನವರೆಗೆ ಬಂದು, ಅಲ್ಲಿ ಎಂ.ಎಸ್ಸಿ. ಪದವಿಗೆ ಡಿಕ್ಕಿ ಹೊಡೆದು ವಾಪಸು ಹೋಯಿತು.

ಉಪಾಯ ಹೊಳೆದದ್ದು ಶನಿವಾರ ಬೆಳಗಿನ ತರಗತಿಯಲ್ಲಿ. ಅಣುಗಳನ್ನು ಎಣಿಸುವ ಮೋಲ್ ಪಾಠ ಮಾಡುತ್ತಾ, ಹುಡುಗರು ತೂಕಡಿಸುವುದನ್ನು ಕಂಡು ಒಂದು ತಮಾಷೆಯ ಲೆಕ್ಕ ಕೊಟ್ಟ. ಒಂದು ಲೋಟ ನೀರನ್ನು ಸಮುದ್ರಕ್ಕೆ ಸುರಿಯಿರಿ. ಭೂಮಿಯ ಮೇಲಿನ ಸಮುದ್ರವನ್ನೆಲ್ಲ ಚೆನ್ನಾಗಿ ಕಲಕಿ. ಆಮೇಲೆ ಎಲ್ಲಿಂದಾದರೂ ಒಂದು ಲೋಟ ಮೊಗೆಯಿರಿ. ಮೊದಲಿನ ಲೋಟದ ಅಣು ಒಂದಾದರೂ ಅದರಲ್ಲಿ ಇರುತ್ತದೋ?

"ಇರಲ್ಲ ಸಾರ್," ಎಂದಿತು ತರಗತಿ ಒಕ್ಕೊರಲಿನಿಂದ.

ಶಿವಶಂಕರ ಬೋರ್ಡಿನ ಮೇಲೆ ಸೊನ್ನೆಗಳ ಮಳೆ ಸುರಿಸಿದ. ಒಂದು ಲೋಟದಲ್ಲಿರುವ ಅಣುಗಳು ಎಂಟರ ಮುಂದೆ ಇಪ್ಪತ್ತನಾಲ್ಕು ಸೊನ್ನೆ. ಎಲ್ಲ ಸಮುದ್ರ ಸೇರಿ ಇರುವ ಲೋಟಗಳು ಐದರ ಮುಂದೆ ಇಪ್ಪತ್ತೊಂದು ಸೊನ್ನೆ. ಸಮುದ್ರದಲ್ಲಿರುವ ಲೋಟಗಳಿಗಿಂತ ಲೋಟದಲ್ಲಿರುವ ಅಣುಗಳೇ ಹೆಚ್ಚು! ಭಾಗಿಸಿದರೆ, ಮೊಗೆದ ಪ್ರತಿ ಲೋಟದಲ್ಲೂ ಹಳೆಯ ಲೋಟದ ಅಣುಗಳು ಸಾವಿರದೈನೂರರ ಮೇಲೆ.

ಸಾವಿರದೈನೂರು ಎಂದು ಬರೆದವನ ಕೈ ಹಾಗೆಯೇ ನಿಂತಿತು. ಅತ್ತೆ ಕೊಟ್ಟ ಲೋಟ! ಕರಿಬೇವಿನ ಗಿಡ! ಆ ನೀರು ಆವಿಯಾಗಿ, ಮೋಡವಾಗಿ, ಸಮುದ್ರ ಸೇರಿ... ಹಾಗಾದರೆ ತನ್ನ ಮನೆಯ ಫಿಲ್ಟರಿನ ಪ್ರತಿ ಲೋಟದಲ್ಲೂ ಅತ್ತೆಯ ಮನೆಯ ನೀರಿದೆ! ಅವರು ತಮ್ಮ ಮನೆ ನೀರನ್ನು ತಾವು ಕುಡಿದರೆ ಆಣೆ ಎಲ್ಲಿ ಮುರಿಯಿತು? ಕ್ಷಮೆ ಯಾಕೆ ಬೇಕು?

"ಸಾರ್, ಸಮುದ್ರ ಅಷ್ಟು ಚೆನ್ನಾಗಿ ಕಲಕೋಕೆ ಎಷ್ಟು ವರ್ಷ ಬೇಕು?" ಮುಂದಿನ ಬೆಂಚಿನ ಪ್ರಿಯಾಂಕ ಕೇಳಿದಳು.

ಸಾವಿರಾರು ವರ್ಷ ಬೇಕು ಎಂಬುದು ಅವನಿಗೆ ಗೊತ್ತಿತ್ತು. "ಅದು ಸಿಲಬಸ್ಸಿನಲ್ಲಿಲ್ಲ, ಕೂತ್ಕೊಳಮ್ಮ," ಎಂದ.

ಆ ಸಂಜೆ ನಡುಮನೆಯಲ್ಲಿ ದೊಡ್ಡತಾಯಮ್ಮ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದರು. ಬುಧವಾರವೇ ಬಂದಿದ್ದ ಅವರು ನಾಳೆ ನಾಲ್ಕರ ಬಸ್ಸಿಗೆ ಹೊರಡುವವರು. ಮೂಲೆಯಲ್ಲಿ ಅವರೇ ತಂದ ಹೊಸ ರಾಗಿ, ಕಲ್ಲುಕಡ್ಡಿ ಆರಿಸಿ ಮಿಲ್ಲಿಗೆ ಸಿದ್ಧವಾಗಿ, ದೊಡ್ಡ ಡಬ್ಬದ ತುಂಬ ಇತ್ತು. ಶಿವಶಂಕರ ಆ ಡಬ್ಬವನ್ನು ನಡುವಿಗೆ ಎಳೆದ.

"ಅತ್ತೆ, ಇದು ಸಮುದ್ರ."

"ಇದು ರಾಗಿ ಕಣ ಅಳಿಮಯ್ಯ."

"ಸಮುದ್ರ ಅಂತ ಅಂದ್ಕೊಳ್ಳಿ."

"ಅಂದ್ಕಂಡೆ. ಮುಂದುಕ್ಕೆ ಏಳಿ."

ಶಿವಶಂಕರ ಬೆನ್ನ ಹಿಂದಿನಿಂದ ಇನ್ನೊಂದು ಡಬ್ಬಿ ತೆಗೆದ. "ಇದು ಸಾಸಿವೆ. ಅಂದ್ರೆ, ನೀವು ಅವತ್ತು ನನಗೆ ಕೊಟ್ಟ ಲೋಟದ ನೀರು."

"ನೀವು ಗಿಡುಕ್ಕೆ ಉಯ್ದ್ರಲ್ಲ, ಅದಾ?"

"ಹೂಂ... ಅದೇ." ಅವನು ಬೇಗಬೇಗ ಮುಂದುವರಿದ. "ಗಿಡ ಕುಡೀತು, ಆವಿ ಆಯ್ತು, ಮೋಡ ಆಯ್ತು, ಸಮುದ್ರಕ್ಕೆ ಬಿತ್ತು." ಡಬ್ಬಿಯ ಸಾಸಿವೆಯನ್ನೆಲ್ಲ ರಾಗಿಗೆ ಸುರಿದ. "ಕಲಸಿ ಹೋಯ್ತು." ಮೊಣಕೈವರೆಗೂ ಕೈ ಇಳಿಸಿ, ಕ್ಷೀರಸಾಗರವನ್ನು ಒಬ್ಬನೇ ಕಡೆಯುವವನಂತೆ ತಿರುವಿದ. ಒಂದು ಲೋಟ ಮೊಗೆದು ಅಂಗೈ ಮೇಲೆ ಹರಡಿದ. "ನೋಡಿ! ಎಲ್ಲಿ ಮೊಗೆದ್ರೂ ಸಾಸಿವೆ. ಹಾಗೇ ನಮ್ಮನೆ ನೀರು ಎಲ್ಲಿ ಮೊಗೆದ್ರೂ ನಿಮ್ಮ ಮನೆ ನೀರು. ಲೋಟಕ್ಕೆ ಸಾವಿರದೈನೂರು!"

ಅಷ್ಟರಲ್ಲಿ ಅಡುಗೆಮನೆಯಿಂದ ಪವಿತ್ರಳ ಕೂಗು ಬಂತು. "ರೀ, ಒಲೆ ಮೇಲೆ ಎಣ್ಣೆ ಕಾದದೆ, ಸಾಸ್ವೆ ಡಬ್ಬಿ ಎಲ್ಲಿಟ್ರಿ?"

ಅವಳೇ ಬಂದಳು. ಡಬ್ಬ ನೋಡಿದಳು, ಗಂಡನ ಮೊಣಕೈ ನೋಡಿದಳು. ರಾಗಿಯೂ ಸಾಸಿವೆಯೂ ಒಂದೇ ಗಾತ್ರ, ಒಂದೇ ದುಂಡು. ಜರಡಿ ಹಿಡಿದರೆ ಎರಡೂ ಇಳಿಯುತ್ತವೆ, ಕೇರಿದರೆ ಎರಡೂ ಹಾರುತ್ತವೆ. ಅವಳ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ, ಮಗು ನಿದ್ದೆಯಿಂದ ಎದ್ದಿತು ಎಂದರೆ ಸಾಕು.

"ತಡೀಲೇ ಮಗ," ದೊಡ್ಡತಾಯಮ್ಮ ಮಗಳನ್ನು ಸುಮ್ಮನಾಗಿಸಿದರು. "ಅಳಿಮಯ್ಯ, ನಂದೊಂದು ಅನುಮಾನ. ನಮ್ಮ ಎಮ್ಮೆ ಕುಡಿದ ನೀರೂ ಇದ್ರಲ್ಲಿ ಐತಾ?"

"ಇದೆ ಅತ್ತೆ."

"ಕುಡ್ದು ಬುಟ್ಟಿದ್ದೂ?"

ಶಿವಶಂಕರ ಬಾಯಿಯವರೆಗೆ ಒಯ್ದಿದ್ದ ತನ್ನ ನೀರಿನ ಲೋಟವನ್ನು ಕೆಳಗಿಟ್ಟ. "...ಅದೂ."

"ಅಂಗಾರೆ ನಿಮ್ಮನೆ ನೀರು, ನಮ್ಮನೆ ನೀರು ಅಂತ ಬ್ಯಾರೆ ಇಲ್ವೇ ಇಲ್ಲ?"

"ಇಲ್ವೇ ಇಲ್ಲ ಅತ್ತೆ!" ಅವನು ಗೆದ್ದೆನೆಂದು ಎದ್ದೇ ನಿಂತ. "ಎಲ್ಲಾ ಒಂದೇ!"

"ಪವಿ, ನನ್ ಕ್ಯಾನಿಂದ ಒಂದ್ ಲೋಟ ಬಗ್ಗುಸ್ಕಂಡು ಬಾ. ಎಲ್ಲಾ ಒಂದೇ ಅಂದವ್ರು ಮೊದ್ಲು ಕುಡ್ದು ತೋರಿಸ್ಲಿ. ಆಮ್ಯಾಕೆ ನಾನು ಕುಡೀತೀನಿ."

ಪವಿತ್ರ ಯಾಕೋ ಒಂದು ಕ್ಷಣ ನಿಂತಳು. ಆಮೇಲೆ ಹೋಗಿ ತಂದಳು. ಶಿವಶಂಕರನ ಕಣ್ಣ ಮುಂದೆ ಒಂಬೈನೂರ ಎಂಬತ್ತು ಎಂಬ ಅಂಕಿ ಕುಣಿಯಿತು. ಕಣ್ಣು ಮುಚ್ಚಿ, ವಿಷಕಂಠನನ್ನು ನೆನೆದು, ಒಂದು ಗುಟುಕು ಒಳಗೆ ಬಿಟ್ಟ. ಅವನ ಮುಖ ಹಿಂಡಿದ ನಿಂಬೆಹೋಳಾಯಿತು.

"ಅಯ್ಯಪ್ಪಾ! ಉಪ್ಪು! ಬರೀ ಉಪ್ಪು! ಹಿಂದೇನೇ ಒಂದು ಕಹಿ, ಆಮೇಲೆ ತುಕ್ಕಿನ ವಾಸನೆ... ನಾಲಿಗೆ ಮೇಲೆ ಸುಣ್ಣ ಬಳಿದ ಹಾಗಿದೆ ಅತ್ತೆ, ಹೆಂಗೆ ಕುಡೀತೀರಿ ಇದನ್ನ!"

ತಾಯಿ ಮಗಳ ಮುಖ ನೋಡಿದರು, ಮಗಳು ನೆಲ ನೋಡಿದಳು. ದೊಡ್ಡತಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅತ್ತೆಗೆ ಅಳು ಬಂತೇನೋ ಎಂದು ಶಿವಶಂಕರ ಗಾಬರಿಯಾದ.

"ಅಂಗಾರೆ ಎಲ್ಲಾ ಒಂದೇ ಅಲ್ಲ ಅಂತ ನಿಮ್ಮ ನಾಲ್ಗೆನೇ ಏಳ್ತಲ್ಲ," ಎಂದರು ಅವರು ಸೆರಗಿನೊಳಗಿಂದಲೇ. "ನಿಮ್ಮ ಸಮುದ್ರ ನಿಮ್ಗಿರ್ಲಿ. ನನ್ ಆಣೆ ನನ್ಗಿರ್ಲಿ. ನಾಳೆ ನಾಕ್ ಗಂಟೆ ಬಸ್ಗೆ ಒಂಟೋಯ್ತೀನಿ."

ಭಾನುವಾರ ಬೆಳಿಗ್ಗೆ ಶಿವಶಂಕರ ಮೊರ ಮುಂದಿಟ್ಟುಕೊಂಡು ರಾಗಿಯೊಳಗಿನ ಸಾಸಿವೆ ಆರಿಸುತ್ತಾ ಕೂತಿದ್ದ. ಮುಗಿಸದೆ ಏಳುವಂತಿಲ್ಲ ಎಂದು ಪವಿತ್ರಳ ಆಜ್ಞೆಯಾಗಿತ್ತು. ಊಟದ ಹೊತ್ತಿಗೆ ಒಂದು ಚಮಚೆಯಷ್ಟು ಸಾಸಿವೆ ಸಿಕ್ಕಿತ್ತು. ಈ ವೇಗದಲ್ಲಿ ಹೋದರೆ ನಿವೃತ್ತಿಯ ಹೊತ್ತಿಗೆ ಮುಗಿಯಬಹುದೆಂದು ಅಂದಾಜು ಮಾಡಿದ. (ಅಂದಾಜು ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ.) ಕೆಳಗಿನ ಮನೆಯ ಮಂಚಮ್ಮ, ಅಂದರೆ ಈ ಮನೆಯ ಓನರ್ರು, ಬಾಗಿಲಲ್ಲಿ ಬಂದು ನಿಂತರು.

"ಏನ್ ಮೇಷ್ಟ್ರೆ, ನೆನ್ನೆ ಸಂಜೆ ಉಪ್ಪು ಉಪ್ಪು ಅಂತ ಅಂಗೆ ಕಿರುಚ್ತಾ ಇದ್ರಿ? ಸಾರ್ಗೆ ಎಲ್ಡ್ ಸಲ ಆಕ್ಬುಟ್ಟಿದ್ರಾ?"

ಶಿವಶಂಕರನಿಗೆ ರೇಗಿತು. ನೆನ್ನೆ ಸೋತದ್ದು ಸಿದ್ಧಾಂತವಲ್ಲ, ತನ್ನ ನಾಲಿಗೆ. ನೀರು ಎಲ್ಲ ಕಡೆಯೂ ಒಂದೇ, ಬೇರೆಯಾಗಿರುವುದು ಉಪ್ಪು ಮಾತ್ರ. ಇದನ್ನು ಅಂಕಿಯಲ್ಲಿ ತೋರಿಸಿಬಿಟ್ಟರೆ ಅತ್ತೆ ಒಪ್ಪಲೇಬೇಕು. ಮಗು ಒಸಡು ಉಜ್ಜಿಕೊಳ್ಳುತ್ತಿದ್ದ ಮೀಟರನ್ನು ಕಿತ್ತುಕೊಂಡು, ತೊಳೆದು, ಎದ್ದ.

"ಮಂಚಮ್ಮನವರೇ, ಒಳಗೆ ಬನ್ನಿ, ನೀವೇ ನ್ಯಾಯ ಹೇಳಿ. ಅತ್ತೆ, ಬನ್ನಿ. ನಾಲಿಗೆ ಸುಳ್ಳು ಹೇಳಬಹುದು, ಮೀಟರು ಹೇಳಲ್ಲ."

"ಬೇಡ ರೀ," ಎಂದಳು ಪವಿತ್ರ.

"ಯಾಕೆ ಬೇಡ?"

"ಬೇಡ ಅಂದ್ರೆ ಬೇಡ. ಒಂದ್ ಸಲನಾದ್ರೂ ನನ್ ಮಾತು ಕೇಳಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಹೆಂಡತಿಯ ಮಾತು ಕೇಳುತ್ತಾನೆಯೇ? ಕ್ಯಾನಿನಿಂದ ಲೋಟಕ್ಕೆ ನೀರು ಬಗ್ಗಿಸಿ, ಎಲ್ಲರಿಗೂ ಕಾಣುವಂತೆ ಹಿಡಿದು, ಅದ್ದಿದ.

ನಲವತ್ತೇಳು.

ಒರೆಸಿ ಮತ್ತೆ ಅದ್ದಿದ. ನಲವತ್ತೇಳು. ಫಿಲ್ಟರಿನ ಕಡೆಗೆ ಓಡಿ, ಒಂದು ಲೋಟ ಹಿಡಿದು ಅದ್ದಿದ. ನಲವತ್ತೆರಡು. ಶಿವಶಂಕರ ಎಷ್ಟೆಂದರೂ ರಸಾಯನಶಾಸ್ತ್ರದವನು. ಕ್ಯಾನಿನಲ್ಲಿ ಇದ್ದದ್ದು ತನ್ನ ಫಿಲ್ಟರಿನ ನೀರೇ, ತಳದಲ್ಲಿ ಉಳಿದಿದ್ದ ಒಂದು ಗುಟುಕು ಊರ ನೀರಿನ ಗುರುತು ಆ ಐದು ಅಂಕಿ ಎಂದು ಅವನಿಗೆ ತಕ್ಷಣ ಅರ್ಥವಾಯಿತು. ನೆನ್ನೆ ತಾನು ಉಪ್ಪು, ಕಹಿ, ತುಕ್ಕು, ಸುಣ್ಣ ಎಂದು ವರ್ಣಿಸಿದ್ದು ಯಾವ ನೀರನ್ನು ಎಂದೂ ಅರ್ಥವಾಯಿತು. ಏಳು ಸಮುದ್ರದ ಲೋಟ ಎಣಿಸಿದವನಿಗೆ, ಎರಡು ದಿನದ ಕ್ಯಾನು ಐದು ದಿನ ಬರುವುದು ಹೇಗೆಂದು ಹೊಳೆದಿರಲಿಲ್ಲ.

"ನಾನೇ ತುಂಬಿಸ್ತಿದ್ದೆ," ಪವಿತ್ರಳ ಕಣ್ಣಲ್ಲಿ ನೀರು ಬಂತು. "ಕ್ಯಾನು ಖಾಲಿ ಆದ್ರೆ ಅವ್ವ ಒಂಟ್‌ಬುಡ್ತದೆ. ಇನ್ನೊಂದ್ ದಿನ ಇರ್ಲಿ ಅಂತ, ಅವ್ವ ಮಲಗಿದ್ದಾಗ ತುಂಬಿಸ್ತಿದ್ದೆ. ಅವ್ವ, ಬೈಬೇಡ ಕಣವ್ವ. ನಿನ್ನ ಆಣೆ ನಾನೇ ಮುರಿದುಬುಟ್ಟೆ."

"ನಂಗೆ ಮೊದಲ್ನೇ ಸಲವೇ ಗೊತ್ತಾಯ್ತು ಬುಡು," ಎಂದರು ದೊಡ್ಡತಾಯಮ್ಮ.

"ಗೊತ್ತಿತ್ತಾ?"

"ನಮ್ಮೂರ್ ನೀರು ಕುಡಿದ್ರೆ ನೀರು ಕುಡಿದಂಗಿರ್ತದೆ. ಇದು ಗಾಳಿ ಕುಡಿದಂಗೆ ಸಪ್ಪೆ. ನಾನಿರ್ಲಿ ಅಂತ ನಿಂಗೆ ಆಸೆ, ಇರ್ಬೇಕು ಅಂತ ನಂಗೂ ಆಸೆ. ಯಾಕ್ ಬಾಯ್ ಬುಡ್ಲಿ? ಆಣೆ ಇಟ್ಟಿದ್ದು ಅಳಿಮಯ್ಯನ ಮ್ಯಾಲೆ. ನೀನ್ ತುಂಬ್ಸಿದ್ದು ಮಗಳ್ ನೀರು, ಅದ್ಕ್ಯಾವ ಆಣೆ?" ಅವರು ಮಗಳ ಕಣ್ಣೊರೆಸಿ, ಅಳಿಯನ ಕಡೆ ತಿರುಗಿದರು. "ಆದ್ರೆ ನಾಳೆಯಿಂದ ನೀನು ಕೆಲ್ಸುಕ್ಕೆ ಓದ್ರೆ ತುಂಬ್ಸೋರ್ಯಾರು? ಇವ್ರ ಕೈಲಿ ತುಂಬುಸ್ಕಂಡು ಕುಡೀಬೇಕು ಅಂದ್ರೆ ಇವ್ರ ಬಾಯಿಂದ ಒಂದ್ ಮಾತು ಬರ್ಬೇಕು."

ಮೂವರೂ ಅವನನ್ನೇ ನೋಡಿದರು. ಮಗುವೂ ನೋಡಿತು. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು ಎನ್ನುತ್ತಾರೆ, ಇಲ್ಲಿ ಹಳ್ಳ ತೋಡಿಕೊಂಡದ್ದೂ ಅವನೇ. ಕೊನೆಯ ಬೆಂಚಿಗೂ ಕೇಳುವ ಅವನ ದನಿ ಸಾಸಿವೆಯಷ್ಟಾಯಿತು.

"ತಪ್ಪಾಯ್ತು ಅತ್ತೆ."

"ಕೇಳುಸ್ನಿಲ್ಲ."

"ನೆನ್ನೆ ಉಪ್ಪು ಅಂದಿದ್ದು ಕೆಳ್ಗಡೆಗೂ ಕೇಳ್ತು ಮೇಷ್ಟ್ರೆ," ಮಂಚಮ್ಮ ನ್ಯಾಯ ಹೇಳಿದರು. "ಇದೂ ಅಷ್ಟೇ ಗಟ್ಟಿಯಾಗ್ ಬರ್ಲಿ."

"ತಪ್ಪಾಯ್ತು ಅತ್ತೆ! ಅವತ್ತು ನಿಮ್ಮ ಲೋಟಕ್ಕೆ ಮೀಟರು ಅದ್ದಬಾರದಿತ್ತು. ಕುಡೀಬೇಕಿತ್ತು."

ಹೇಳಿದ ಮೇಲೆ ಶಿವಶಂಕರನಿಗೆ ಆಶ್ಚರ್ಯವಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಎಂ.ಎಸ್ಸಿ. ಪದವಿಯೂ ಗೋಡೆಯ ಮೇಲೆ ಫ್ರೇಮಿನೊಳಗೆ ಇದ್ದ ಹಾಗೆಯೇ ಇತ್ತು. ಎದೆ ಹಗುರವಾಯಿತು. ಅವನೇ ಅಡುಗೆಮನೆಗೆ ಹೋಗಿ ಲೋಟದಲ್ಲಿ ನೀರು, ಒಂದು ಚೂರು ಬೆಲ್ಲ ತಂದು, ಎರಡೂ ಕೈಯಲ್ಲಿ ಅತ್ತೆಯ ಮುಂದೆ ಹಿಡಿದ.

ದೊಡ್ಡತಾಯಮ್ಮ ಲೋಟ ತೆಗೆದುಕೊಂಡರು. ಕುಡಿಯಲಿಲ್ಲ. ಅಳಿಯನ ಜೇಬಿನಿಂದ ಮೀಟರು ಎಳೆದುಕೊಂಡು, ಲೋಟಕ್ಕೆ ಅದ್ದಿ, ಕಣ್ಣು ಕಿರಿದು ಮಾಡಿ ನೋಡಿದರು.

"ನಲವತ್ತೆಲ್ಡು. ಪಾಸು," ಎಂದು ಗಟಗಟನೆ ಕುಡಿದುಬಿಟ್ಟರು. ಪವಿತ್ರ ಅಳುತ್ತಲೇ ನಕ್ಕಳು.

ನಾಲ್ಕರ ಬಸ್ಸು ದೊಡ್ಡತಾಯಮ್ಮನವರನ್ನು ಬಿಟ್ಟು ಹೊರಟಿತು. ಸೋಮವಾರ ಪವಿತ್ರ ಇಸ್ತ್ರಿ ಮಾಡಿದ ಸೀರೆಯುಟ್ಟು, ಮಗುವಿಗೆ ಹತ್ತು ಸಲ ಮುತ್ತು ಕೊಟ್ಟು ಶ್ರೀರಂಗಪಟ್ಟಣಕ್ಕೆ ಹೋದಳು. ಕಾಲೇಜಿನಲ್ಲಿ ಶಿವಶಂಕರ ಪ್ರಿಯಾಂಕಳನ್ನು ಎಬ್ಬಿಸಿ, ಸಮುದ್ರ ಕಲಕಲು ಎಷ್ಟು ಕಾಲ ಬೇಕೆಂದು ವಿವರವಾಗಿ ಹೇಳಿದ. ಸಂಜೆ ಹಗುರ ಮನಸ್ಸಿನಿಂದ ಮನೆಯ ಮೆಟ್ಟಿಲು ಹತ್ತಿದ. ಬಾಗಿಲಲ್ಲೇ ಅತ್ತೆ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದರು. ಅವರ ಹಿಂದೆ ಮೊರ, ಮೊರದ ಹಿಂದೆ ಡಬ್ಬ.

"ಆ ಒಂದ್ ಮಾತ ಶನಿವಾರವೇ ಏಳಿದ್ರೆ ರಾಗಿನಾರೂ ಉಳೀತಿತ್ತು," ಎಂದರು ದೊಡ್ಡತಾಯಮ್ಮ. "ಕಾಲು ತೊಳ್ಕಂಡು ಬನ್ನಿ ಅಳಿಮಯ್ಯ. ನಿಮ್ಮ ಸಮುದ್ರ ಇನ್ನೂ ಅಂಗೇ ಕೂತದೆ."